ಬಳ್ಳಾರಿ ಜಾಲಿ ಕಡಿಯಲು ಬಳ್ಳಾರಿ ಜಾಲಿಯದೇ ಗರಗಸ

ಬದುವಿನ ಬಳ್ಳಾರಿ ಜಾಲಿ ಹೆಬ್ಬೆರಳ ಗಾತ್ರ ಇರುವವರೆಗೆ ಕತ್ತಿಗೆ ಬಗ್ಗುತ್ತದೆ. ಮುಂಗೈ ದಪ್ಪಕ್ಕೆ ಬಂದು ಒಣಗಿತೆಂದರೆ ಕತ್ತಿ ಪುಟಿಯುತ್ತದೆ, ಕೊಡಲಿಯೇ ಬೇಕು. ಆದರೆ 13 ಸೆಂ.ಮೀ. ದಪ್ಪದ ದಿಮ್ಮಿಗೆ ಕೊಡಲಿಯಿಂದ ಎರಡೂ ಕಡೆ ಕಚ್ಚು ಹಾಕಿ ತುಂಡು ಮಾಡುವಷ್ಟರಲ್ಲಿ ಅಂಗೈ ಅಗಲದ ಮರ ಚೆಕ್ಕೆಯಾಗಿ ಹಾರಿಹೋಗಿರುತ್ತದೆ. ಒಲೆಗೆ ಒಂದಡಿ ತುಂಡು ಬೇಕೆಂದು ಕೂತರೆ ನಾಲ್ಕು ತುಂಡಿಗೆ ಒಂದು ತುಂಡು ಚೆಕ್ಕೆಯ ಪಾಲು. ಗರಗಸ ತಿನ್ನುವುದು 2 ಮಿ.ಮೀ. ಒಳಗೇ.

ಇಲ್ಲಿ ಮಾಡಿರುವುದು ಹಗ್ಗ ತಿರುಪಿ ಬಿಗಿಯುವ ಮರದ ಚೌಕಟ್ಟಿನ ಗರಗಸ. ಎರಡು ತೋಳು, ನಡುವೆ ಒಂದು ಅಡ್ಡಗೋಲು, ಕೆಳಗೆ ಬ್ಲೇಡು, ಮೇಲೆ ಹಗ್ಗ, ಹಗ್ಗದೊಳಗೆ ತಿರುಪುಗೋಲು. ಹುಲ್ಲು ಹೇರಿದ ಬಂಡಿಯ ಹಗ್ಗಕ್ಕೆ ಕೋಲು ತೂರಿಸಿ ತಿರುವಿ ಬಿಗಿಯುವುದನ್ನು ನೋಡಿದವರಿಗೆ ಹೊಸತೇನೂ ಇಲ್ಲ. ಹಗ್ಗ ಮೇಲಿನ ತುದಿಗಳನ್ನು ಒಳಕ್ಕೆ ಎಳೆಯುತ್ತದೆ, ತೋಳುಗಳು ಅಡ್ಡಗೋಲಿನ ಮೇಲೆ ಏತದಂತೆ ತೂಗಿ ಕೆಳಗಿನ ತುದಿಗಳು ಹೊರಕ್ಕೆ ಹೋಗುತ್ತವೆ, ಬ್ಲೇಡು ಬಿಗಿಯಾಗುತ್ತದೆ. ಕೆಲಸ ಮುಗಿದ ಮೇಲೆ ಬಿಚ್ಚಿ ಗೋಣಿಚೀಲದಲ್ಲಿ ಸುತ್ತಿಡಬಹುದು. ತೋಳು ಮುರಿದರೆ ಬೇಲಿಯಲ್ಲೇ ಇನ್ನೊಂದಿದೆ.

ಬೇಕಾದ ಸಾಮಾನು: 24 ಇಂಚಿನ ಬಿಲ್ಲು ಗರಗಸದ ಬ್ಲೇಡು ಒಂದು, 5 ಮಿ.ಮೀ. ದಪ್ಪ 40 ಮಿ.ಮೀ. ಉದ್ದದ ಬೋಲ್ಟು ನಟ್ಟು ಎರಡು ಜೊತೆ, 4 ಮಿ.ಮೀ. ಪಾಲಿಯೆಸ್ಟರ್ ಹಗ್ಗ 3 ಮೀಟರ್, ಬೈಂಡಿಂಗ್ ತಂತಿ 1 ಮೀಟರ್. ಉಪಕರಣ: ಕೊಡಲಿ, ಕತ್ತಿ, ಅರ್ಧ ಇಂಚಿನ ಉಳಿ, ಕೊಡತಿ, ಹ್ಯಾಕ್ಸಾ, ಸಾಣೆಕಲ್ಲು.

ಬ್ಲೇಡು

ಅಂಗಡಿಯಲ್ಲಿ ಎರಡು ಬಗೆ ಸಿಗುತ್ತದೆ. ಸಾಲಾಗಿ ಒಂದೇ ತರಹದ ಮುಕ್ಕೋನ ಹಲ್ಲಿರುವುದು ಒಣ ಮರಕ್ಕೆ. ನಾಲ್ಕು ಹಲ್ಲಿಗೊಂದು ಗಿಡ್ಡ ಕವಲು ಹಲ್ಲು, ಅದರ ಪಕ್ಕ ಆಳವಾದ ಸಂದು ಇರುವುದು ಹಸಿ ಮರಕ್ಕೆ. ಹಸಿ ಮರದ ಹೊಟ್ಟು ಒದ್ದೆಯಾಗಿ ಉಬ್ಬಿ ಹಲ್ಲಿನ ನಡುವೆ ಅಂಟಿಕೊಳ್ಳುತ್ತದೆ. ಆ ಕವಲು ಹಲ್ಲು ಅದನ್ನು ಕೆರೆದು ಹೊರಗೆ ತರುತ್ತದೆ. ಜಾಲಿಯನ್ನು ಹಸಿಯಲ್ಲೇ ತುಂಡು ಮಾಡುವುದು ಜಾಣತನ, ಒಣಗಿದ ಮೇಲೆ ಎರಡು ಪಟ್ಟು ಬೆವರು. ಹಾಗಾಗಿ ಹಸಿ ಮರದ ಬ್ಲೇಡನ್ನೇ ತೆಗೆದುಕೊಂಡದ್ದು.

ಹಲ್ಲಿನ ತುದಿ ನೀಲಿಗಪ್ಪಾಗಿದ್ದರೆ ಅದಕ್ಕೆ ವಿಶೇಷ ಹದ ಕೊಟ್ಟಿದ್ದಾರೆಂದು ಅರ್ಥ. ಬಹಳ ದಿನ ಚೂಪಾಗಿರುತ್ತದೆ, ಆದರೆ ಅರ ಹಿಡಿಯುವುದಿಲ್ಲ. ಮೊಂಡಾದರೆ ಬದಲಿಸುವುದೇ.

ಚೌಕಟ್ಟಿನ ಅಳತೆಯೆಲ್ಲ ಬ್ಲೇಡಿನ ಎರಡು ತೂತುಗಳ ನಡುವಿನ ಅಂತರದ ಮೇಲೆ ನಿಂತಿದೆ. 24 ಇಂಚು ಅಂತ ಬರೆದಿದ್ದರೂ ತೂತಿನ ನಡುವಿನಿಂದ ತೂತಿನ ನಡುವಿಗೆ ಅಳೆದೇ ಮುಂದುವರಿಯಬೇಕು. ಈ ಬ್ಲೇಡಿನಲ್ಲಿ 60 ಸೆಂ.ಮೀ. ಬಂತು.

ತೋಳುಗಳು

ತೋಳಿಗೆ ಗರಗಸದಲ್ಲಿ ಕೊಯ್ದ ರೀಪು ಬೇಡ. ಕೊಯ್ದ ರೀಪಿನಲ್ಲಿ ಎಳೆ ಓರೆಯಾಗಿ ಓಡಿ ಪಕ್ಕಕ್ಕೆ ಹೊರಬಂದಿರುತ್ತದೆ. ಬಿಗಿದಾಗ ಅಲ್ಲೇ ಲಟಕ್ ಅನ್ನುತ್ತದೆ. ಸೀಳಿದ ಮರದಲ್ಲಿ ಎಳೆ ತಲೆಯಿಂದ ಬುಡದವರೆಗೆ ಕಡಿಯದೆ ಇರುತ್ತದೆ.

ಬಳ್ಳಾರಿ ಜಾಲಿಯಲ್ಲಿ ನೆಟ್ಟಗಿನ ತುಂಡು ಹುಡುಕುವುದೇ ದೊಡ್ಡ ಕೆಲಸ. ಬುಡದಿಂದ ನಾಲ್ಕೈದು ಕವಲೊಡೆದ ಪೊದೆಯಲ್ಲಿ ಸಿಗುವುದಿಲ್ಲ. ಒಂಟಿ ಕಾಂಡದ ಹಳೆಯ ಮರ ನೋಡಿ. ತೊಗಟೆಯ ಬಿರುಕು ಕಾಂಡಕ್ಕೆ ಹಗ್ಗ ಸುತ್ತಿದಂತೆ ಓರೆಯಾಗಿ ಹೋಗಿದ್ದರೆ ಒಳಗಿನ ಎಳೆಯೂ ತಿರುಚಿರುತ್ತದೆ, ಅದನ್ನು ಒಲೆಗೆ ಬಿಡಿ. ಬೇಕಾದ್ದು ತೊಗಟೆ ತೆಗೆದು 13 ಸೆಂ.ಮೀ. ದಪ್ಪ, ಗಂಟಿಲ್ಲದ 46 ಸೆಂ.ಮೀ. ಉದ್ದ. ಕೊಡಲಿಯಲ್ಲಿ ಕಡಿಯುವಾಗ ಎರಡೂ ತುದಿ ಕೂರಾಗುವುದರಿಂದ 55 ಸೆಂ.ಮೀ.ಗೆ ಗುರುತು ಹಾಕಿ. ಇಷ್ಟು ಹೊತ್ತು ಹುಡುಕಲು ಮನಸ್ಸಿಲ್ಲದಿದ್ದರೆ ಕರಿಜಾಲಿ ತೆಗೆದುಕೊಳ್ಳಿ. ನೇಗಿಲಿಗೆ, ಬಂಡಿಗೆ ಹಿಂದಿನಿಂದ ಬಳಸಿದ ಮರ, ಇದಕ್ಕೂ ಆಗುತ್ತದೆ. ಆದರೂ ಬಳ್ಳಾರಿ ಜಾಲಿಗೆ ಒಂದು ಗುಣವಿದೆ: ಒಣಗುವಾಗ ಬಹಳ ಕಡಿಮೆ ಕುಗ್ಗುತ್ತದೆ, ಆದ್ದರಿಂದ ಹಸಿಯಲ್ಲಿ ಮಾಡಿದ ಅಳತೆ ಒಣಗಿದ ಮೇಲೆ ಅಷ್ಟಾಗಿ ಕೆಡುವುದಿಲ್ಲ. ಸೌದೆಯೆಂದು ಅಸಡ್ಡೆ ಮಾಡಿದ ಮರಕ್ಕೆ ಇಷ್ಟಾದರೂ ಮರ್ಯಾದೆ ಸಲ್ಲಬೇಕು.

ಕೆರೆ ಅಂಗಳದ ಅಥವಾ ರಸ್ತೆ ಬದಿಯ ಮರವಾದರೆ ಪಂಚಾಯಿತಿಯಲ್ಲಿ ಕೇಳಿ ಕಡಿಯಿರಿ. ಯಾರಿಗೂ ಬೇಡದ ಮರದಂತೆ ಕಂಡರೂ ಅದು ಸರ್ಕಾರದ್ದು. ಮುಳ್ಳಿಗೆ ಹವಾಯಿ ಚಪ್ಪಲಿ ಲೆಕ್ಕಕ್ಕೇ ಇಲ್ಲ. ದಪ್ಪ ಅಟ್ಟೆಯ ಬೂಟು ಹಾಕಿ. ಮುರಿದು ಒಳಗುಳಿದ ಮುಳ್ಳು ಬಾವು ತರುತ್ತದೆ.

ಸೀಳುವುದಕ್ಕೆ ಕತ್ತಿಯೇ ಸಾಕು. ದಿಮ್ಮಿಯನ್ನು ಗಟ್ಟಿ ನೆಲದ ಮೇಲೆ ನೆಟ್ಟಗೆ ನಿಲ್ಲಿಸಿ, ತಿರುಳಿನ ಮೇಲೆ ಹಾದುಹೋಗುವಂತೆ ಕತ್ತಿಯ ಬಾಯಿ ಇಟ್ಟು ಬೆನ್ನಿಗೆ ಕೊಡತಿಯಿಂದ ಹೊಡೆಯಿರಿ. ಸುತ್ತಿಗೆ ಬೇಡ. ಲಾರಿಯ ಸ್ಪ್ರಿಂಗ್ ಪಟ್ಟಿಯನ್ನು ತಟ್ಟಿ ಮಾಡಿದ ಕತ್ತಿಯ ಬೆನ್ನು ಸುತ್ತಿಗೆಗೆ ಅಣಬೆಯಂತೆ ಹರಡಿಕೊಳ್ಳುತ್ತದೆ, ಚೂರು ಸಿಡಿದು ಕಣ್ಣಿಗೂ ಬೀಳಬಹುದು. ಕತ್ತಿ ಒಳಗೆ ಮುಳುಗಿದ ಮೇಲೆ ಹೊರಗುಳಿದ ಮೂತಿಗೆ ಹೊಡೆಯುತ್ತ ಹೋಗಿ, ಸೀಳು ತೆರೆದಂತೆ ಜಾಲಿಯದೇ ಬೆಣೆ ಹಾಕಿ. ಹಿಡಿಯನ್ನು ಸಡಿಲವಾಗಿ ಹಿಡಿದಿರಿ. ಬಿಗಿಹಿಡಿದರೆ ಪ್ರತಿ ಏಟೂ ಮಣಿಕಟ್ಟಿಗೆ ಬರುತ್ತದೆ, ಹಿಡಿಯೂ ಅಲ್ಲಾಡಲು ಶುರುವಾಗುತ್ತದೆ.

ಮೊದಲು ಅರ್ಧ, ಆಮೇಲೆ ಅರ್ಧದ ಅರ್ಧ. ಒಂದು ಬದಿಯಿಂದ ತೆಳ್ಳಗೆ ಸೀಳಲು ಹೋದರೆ ಸೀಳು ತೆಳು ಕಡೆಗೇ ಓಡಿ ಅರ್ಧದಲ್ಲೇ ಹೊರಬೀಳುತ್ತದೆ. ಹಾಗೆ ಓಡತೊಡಗಿದಾಗ ತೆಳು ಭಾಗವನ್ನು ಮುಟ್ಟಬೇಡಿ. ದಪ್ಪ ಭಾಗವನ್ನು ಕೆಳಗೆ ಮಾಡಿ ಕಾಲಲ್ಲಿ ಒತ್ತಿ ಬಗ್ಗಿಸಿ, ಸೀಳು ಮತ್ತೆ ದಪ್ಪದ ಕಡೆಗೆ ತಿರುಗುತ್ತದೆ.

ನಾಲ್ಕು ಕಾಲುಭಾಗ ಬಂದವು. ಅಕ್ಕಪಕ್ಕದ ಎರಡು ತೋಳಿಗೆ, ಉಳಿದವು ಕೊಡತಿಗೆ, ಬೆಣೆಗೆ. ಕಾಲುಭಾಗದ ಚೂಪು ಮೂಲೆಯ ತಿರುಳನ್ನು 1 ಸೆಂ.ಮೀ. ತೆಗೆದುಬಿಡಿ, ಬಿರುಕು ಹುಟ್ಟುವುದೇ ಅಲ್ಲಿಂದ. ಹೊರಗಿನ ಹಳದಿ ಬಿಳಿಮರವೂ ಬೇಡ, ಹುಳ ಕೊರೆದು ಪುಡಿ ಮಾಡುತ್ತದೆ. ಉಳಿದ ಕಂದುಗೆಂಪು ಚೇಗಿನಲ್ಲಿ 3.2 ಸೆಂ.ಮೀ. ಚೌಕ ಸಿಗುತ್ತದೆ.

ಕೆತ್ತುವಾಗ ತೋಳನ್ನು ಮರದ ಕೊರಡಿನ ಮೇಲೆ ನಿಲ್ಲಿಸಿ ಕೆಳಗಿನ ಅರ್ಧವನ್ನಷ್ಟೇ ಕೆತ್ತಿ, ತಿರುಗಿಸಿ ಇನ್ನರ್ಧ ಮುಗಿಸಿ. ಹಿಡಿದ ಕೈ ಯಾವಾಗಲೂ ಕತ್ತಿ ಬೀಳುವ ಜಾಗಕ್ಕಿಂತ ಮೇಲಿರಬೇಕು. ಮೊದಲು ಬೆರಳಗಲಕ್ಕೊಂದು ಓರೆ ಕಚ್ಚು, ಆಮೇಲೆ ಕಚ್ಚುಗಳನ್ನು ಒಂದೇ ಸಾಲಿನಲ್ಲಿ ಕೆತ್ತಿ ಇಳಿಸಿದರೆ ಉದ್ದ ಸಿಬಿರು ಏಳುವುದಿಲ್ಲ. ಕತ್ತಿ ಮರಕ್ಕೆ ಓರೆಯಾಗಿ, ಹೆಚ್ಚು ಕಡಿಮೆ 45 ಡಿಗ್ರಿಯಲ್ಲಿ ಬೀಳಲಿ. ನೇರ ಅಡ್ಡಕ್ಕೆ ಬಿದ್ದರೆ ಎಳೆಯನ್ನು ಕಡಿಯುವುದಿಲ್ಲ, ಜಜ್ಜುತ್ತದೆ.

ಕೆತ್ತಿದ ತೋಳುಗಳ ತುದಿಗೆ ಹಳೆ ಪೇಂಟು ಅಥವಾ ಸಗಣಿ ಬಳಿದು ನೆರಳಿನಲ್ಲಿ ಮೂರು ವಾರ ಇಟ್ಟದ್ದಾಯಿತು. ಬಿಸಿಲಿಗಿಟ್ಟರೆ ತುದಿ ಬೇಗ ಒಣಗಿ ನಡು ಹಸಿಯಾಗಿ ಉಳಿಯುತ್ತದೆ, ತುದಿ ಬಿರಿಯುತ್ತದೆ.

ಅಳತೆಯ ಲೆಕ್ಕ

ತೋಳಿನ ಉದ್ದ 42 ಸೆಂ.ಮೀ. ಕೆಳತುದಿಯಿಂದ 3 ಸೆಂ.ಮೀ.ಗೆ ಬೋಲ್ಟಿನ ತೂತು. ಅಲ್ಲಿಂದ 20 ಸೆಂ.ಮೀ. ಮೇಲೆ ಅಡ್ಡಗೋಲಿನ ನಡು. ಅಲ್ಲಿಂದ 16 ಸೆಂ.ಮೀ. ಮೇಲೆ ಹಗ್ಗದ ಕಚ್ಚು. ಉಳಿದ 3 ಸೆಂ.ಮೀ. ತಲೆ.

20 ಮತ್ತು 16 ಯಾಕೆಂದರೆ, ಬ್ಲೇಡಿನಿಂದ ಅಡ್ಡಗೋಲಿನವರೆಗಿನ ಎತ್ತರವೇ ಗರಗಸ ಇಳಿಯಬಲ್ಲ ಆಳ. ಅಡ್ಡಗೋಲಿನ ಅರ್ಧ ದಪ್ಪ ಕಳೆದರೂ 15 ಸೆಂ.ಮೀ. ದಿಮ್ಮಿ ಸಲೀಸಾಗಿ ಹಿಡಿಯುತ್ತದೆ. ಇನ್ನೂ ಆಳ ಬೇಕೆಂದು ಅಡ್ಡಗೋಲನ್ನು ಮೇಲೇರಿಸಿದರೆ ಬಿಗಿ ಕಡಿಮೆಯಾಗುತ್ತದೆ. ಹಗ್ಗದ ಎಳೆತದ 20ರಲ್ಲಿ 16 ಪಾಲು, ಅಂದರೆ 0.8 ಮಾತ್ರ ಬ್ಲೇಡಿಗೆ ಬರುತ್ತದೆ. ಕೆಳಗೆ 24, ಮೇಲೆ 12 ಮಾಡಿದರೆ ಅರ್ಧಕ್ಕಿಳಿಯುತ್ತದೆ. ಹಗ್ಗ ಎಷ್ಟು ತಿರುವಿದರೂ ಬ್ಲೇಡು ಸೊರಗಿಯೇ ಇರುತ್ತದೆ.

ಅಡ್ಡಗೋಲಿಗೆ ಸೆಂಟ್ರಿಂಗ್‌ಗೆ ಬಳಸಿ ಬಿಸುಟ ಹಳೆಯ ಸರ್ವೆ ಗಳದ ತುಂಡು, 3.5 ಸೆಂ.ಮೀ. ದಪ್ಪ. ಹಗ್ಗ ಮತ್ತು ಬ್ಲೇಡು ಎರಡರ ಎಳೆತವೂ ಸೇರಿ ಇದನ್ನು ಒತ್ತುವುದರಿಂದ ಡೊಂಕಿರಬಾರದು. ಉದ್ದ ಹೀಗೆ: ಬ್ಲೇಡಿನ ತೂತಿನ ಅಂತರ 60, ಅದರಲ್ಲಿ ಒಂದು ತೋಳಿನ ದಪ್ಪ 3.2 ಕಳೆದರೆ 56.8. ಎರಡೂ ಕಡೆ ತೋಳಿನೊಳಗೆ ಹೋಗುವ ನಾಲಿಗೆ 1.2ರಂತೆ 2.4 ಸೇರಿಸಿದರೆ 59.2. ಬಿಗಿದಾಗ ತೋಳಿನ ತಲೆಗಳು ಒಳಕ್ಕೆ ವಾಲುವುದನ್ನು ಸರಿದೂಗಿಸಲು ಇನ್ನು ಅರ್ಧ ಸೆಂ.ಮೀ. ಒಟ್ಟು 59.7.

ತೂತು, ನಾಲಿಗೆ, ಸೀಳು

ತೋಳಿನ ಒಳಮುಖದಲ್ಲಿ ಅಡ್ಡಗೋಲಿಗೆ ತೂತು: ಅಗಲ ಉಳಿಯಷ್ಟೇ, 12 ಮಿ.ಮೀ. ಎತ್ತರ 30 ಮಿ.ಮೀ., ಆಳ 12ಕ್ಕೆ ಸ್ವಲ್ಪ ಹೆಚ್ಚು. ಆರಪಾರ ತೆಗೆಯಬಾರದು. ತೋಳು ಮುರಿಯುವುದಿದ್ದರೆ ಮುರಿಯುವುದು ಈ ಜಾಗದಲ್ಲೇ, ಅಲ್ಲಿ ಮರ ಕಳೆದಷ್ಟೂ ಅಪಾಯ. ಉಳಿಯನ್ನು ಮೊದಲು ಎಳೆಗೆ ಅಡ್ಡಲಾಗಿ ಹೊಡೆಯುತ್ತ ಹೋಗಿ. ಎಳೆಯ ಉದ್ದಕ್ಕೆ ಹೊಡೆದರೆ ಅದು ಬೆಣೆಯಾಗಿ ತೋಳನ್ನೇ ಸೀಳುತ್ತದೆ.

ಅಡ್ಡಗೋಲಿನ ತುದಿಯಲ್ಲಿ ಅದೇ ಅಳತೆಯ ನಾಲಿಗೆ, ಎಲ್ಲ ಕಡೆ ಅರ್ಧ ಮಿ.ಮೀ. ಸಡಿಲ. ನಾಲಿಗೆಯ ತುದಿಯನ್ನು ಉಗುರಿನಂತೆ ದುಂಡು ಮಾಡಿ. ಭುಜಗಳು ತೋಳಿಗೆ ಒತ್ತಿ ನಿಲ್ಲಬಾರದು, ನಾಲಿಗೆಯ ತುದಿಯೇ ತೂತಿನ ತಳಕ್ಕೆ ತಾಗಿ ಭಾರ ಹೊರಬೇಕು. ಮೊದಲ ಸಲ ಹಾಗಾಗಲಿಲ್ಲ: ಭುಜ ಮೊದಲು ತಾಗಿ, ಬಿಗಿಯುವಾಗ ತೋಳು ತೂಗಲಾಗದೆ ಭುಜದ ಮೇಲಂಚು ಜಜ್ಜಿತು. ಭುಜವನ್ನು 3 ಮಿ.ಮೀ. ಹಿಂದಕ್ಕೆ ಕೆತ್ತಿದ ಮೇಲೆ ಸರಿಯಾಯಿತು. ಗೋಂದು ಹಾಕಿದರೆ, ಮೊಳೆ ಹೊಡೆದರೆ ಕಥೆ ಮುಗಿಯಿತು. ಗಟ್ಟಿಯಾಗಲಿ ಎಂದು ಮಾಡುವ ಈ ಕೆಲಸವೇ ತೂಗುವ ಕೀಲನ್ನು ಕೊಲ್ಲುತ್ತದೆ.

ಬ್ಲೇಡು ಕೂರಲು ತೋಳಿನ ಕೆಳತುದಿಯಿಂದ ಮೇಲಕ್ಕೆ 4.5 ಸೆಂ.ಮೀ. ಸೀಳು, ಹ್ಯಾಕ್ಸಾದಲ್ಲಿ. ಆ ತುದಿಯನ್ನು ಮೊದಲೇ 2.5 ಸೆಂ.ಮೀ. ದಪ್ಪಕ್ಕೆ ಇಳಿಸಿಕೊಂಡರೆ 40 ಮಿ.ಮೀ. ಬೋಲ್ಟಿಗೆ ನಟ್ಟು ಕೂರಿಸಲು ಜಾಗವಿರುತ್ತದೆ. ಬೋಲ್ಟಿನ ತೂತಿಗೆ ಡ್ರಿಲ್ ಇಲ್ಲದಿದ್ದರೆ ನಾಲ್ಕಿಂಚು ಮೊಳೆಯನ್ನು ಕೆಂಡದಲ್ಲಿ ಕೆಂಪಗೆ ಕಾಯಿಸಿ ಇಕ್ಕಳದಲ್ಲಿ ಹಿಡಿದು ಸುಡುತ್ತ ಇಳಿಸಿ. ಜಾಲಿಗೆ ಏಳೆಂಟು ಸಲ ಕಾಯಿಸಬೇಕಾಗುತ್ತದೆ, ಒಳಗಿನ ಕರಿಯನ್ನು ಪ್ರತಿ ಸಲವೂ ಕೆರೆದು ತೆಗೆಯಬೇಕು. ಸೀಳಿನ ಮೇಲ್ತುದಿಗೆ ತಾಗಿದಂತೆ ಬೈಂಡಿಂಗ್ ತಂತಿಯನ್ನು ಏಳೆಂಟು ಸುತ್ತು ಬಿಗಿದರೆ ಸೀಳು ಮೇಲಕ್ಕೆ ಹರಿಯುವುದಿಲ್ಲ.

ತೋಳಿನ ತುದಿ ಹಲ್ಲಿಗಿಂತ ಸುಮಾರು 2 ಸೆಂ.ಮೀ. ಕೆಳಗೆ ಚಾಚಿರುತ್ತದೆ. ಅದನ್ನು ಕತ್ತರಿಸಿ ಚಂದ ಮಾಡಲು ಹೋಗಬೇಡಿ. ಗರಗಸ ನೆಲಕ್ಕಿಟ್ಟಾಗ ಹಲ್ಲು ಮಣ್ಣು ಮುಟ್ಟದಂತೆ ಕಾಯುವುದು ಅದೇ.

ಹಗ್ಗ ಮತ್ತು ತಿರುಪು

ಹಗ್ಗವನ್ನು ಮೇಲಿನ ಕಚ್ಚುಗಳ ಸುತ್ತ ಎರಡು ಸುತ್ತು ಹಾಕಿದರೆ ನಾಲ್ಕು ಎಳೆ, 2.4 ಮೀಟರ್. ಗಂಟಿಗೆ ಸೇರಿ 3 ಮೀಟರ್ ಸಾಕು. ನೈಲಾನ್ ಬೇಡ. ರಬ್ಬರಿನಂತೆ ಹಿಗ್ಗುತ್ತದೆ. ಅರ್ಧ ದಿಮ್ಮಿ ಕೊಯ್ಯುವಷ್ಟರಲ್ಲಿ ಬ್ಲೇಡು ಸಡಿಲ. ತೆಂಗಿನ ನಾರಿನ ಹುರಿಯೂ ಹಿಗ್ಗುತ್ತದೆ, ಕಚ್ಚಿನ ಅಂಚಿಗೆ ಉಜ್ಜಿ ಸವೆಯುತ್ತದೆ. ಸಣಬಿನ ಹುರಿ ಒಳ್ಳೆಯದು, ಒಂದೇ ತಕರಾರು: ನೆನೆದರೆ ಕುಗ್ಗುತ್ತದೆ. ಬಿಗಿದಿಟ್ಟ ಗರಗಸ ರಾತ್ರಿ ಮಳೆಯಲ್ಲಿ ನೆನೆದರೆ ಬೆಳಿಗ್ಗೆ ತೋಳು ಮುರಿದಿದ್ದರೂ ಆಶ್ಚರ್ಯವಿಲ್ಲ.

ತಿರುಪುಗೋಲು 22 ಸೆಂ.ಮೀ. ಹಗ್ಗದಿಂದ ಅಡ್ಡಗೋಲಿಗೆ 16, ಅಡ್ಡಗೋಲಿಗೆ ತಡೆದು ನಿಲ್ಲಲು ಕೆಳಗೆ 3, ಮೇಲೆ 3. ಹಗ್ಗದ ನಾಲ್ಕು ಎಳೆಯ ನಡುವೆ ಎರಡೆರಡಾಗಿ ಬೇರ್ಪಡಿಸಿ ತೂರಿಸಿ, ತಿರುವಿ, ಅಡ್ಡಗೋಲಿನ ಪಕ್ಕಕ್ಕೆ ಒರಗಿಸಿ. ತಿರುವುವಾಗ ಮುಖ ದೂರವಿರಲಿ, ಜಾರಿದ ಕೋಲು ಹಲ್ಲು ಉದುರಿಸುವಷ್ಟು ಜೋರಾಗಿ ತಿರುಗುತ್ತದೆ.

ಎಷ್ಟು ಬಿಗಿ ಸಾಕು? ಬ್ಲೇಡಿನ ಬದಿಯನ್ನು ಬೆರಳಲ್ಲಿ ಮೀಟಿ. ಬಡಬಡ ಅಂದರೆ ಸಾಲದು. ತಂತಿಯಂತೆ ಟಣ್ ಎಂದು ದನಿ ಬಂದು ಒಂದು ಗಳಿಗೆ ಉಳಿದರೆ ಸಾಕು. ಅಲ್ಲಿಂದ ಮೇಲೆ ಇನ್ನೊಂದು ಸುತ್ತು ಕೊಡುವ ಆಸೆ ಬೇಡ. ತೋಳಿನ ತೂತಿನ ಬಳಿ ಚಿಟಚಿಟ ಸದ್ದು ಕೇಳಿದರೆ ತಕ್ಷಣ ಒಂದು ಸುತ್ತು ಬಿಚ್ಚಿ.

ಮೊದಲ ಕೊಯ್ತ

10 ಸೆಂ.ಮೀ. ಹಸಿ ಕೊಂಬೆ. ಗರಗಸ 4 ಸೆಂ.ಮೀ. ಇಳಿದ ಮೇಲೆ ಎಡಕ್ಕೆ ಸರಿಯತೊಡಗಿತು. ಕೊಯ್ತ ಹೀಗೆ ಸೊಟ್ಟಗೆ ಹೋಗಲು ಮುಖ್ಯ ಕಾರಣ ಮೂರು: ಬ್ಲೇಡು ಸಡಿಲ, ಒಂದು ಬದಿಯ ಹಲ್ಲು ಮೊಂಡ, ಅಥವಾ ಬ್ಲೇಡು ತಿರುಚಿದೆ. ದನಿ ಸರಿಯಿತ್ತು, ಬ್ಲೇಡು ಹೊಸತು. ಉಳಿದದ್ದು ಮೂರನೆಯದು. ಗರಗಸವನ್ನು ತಲೆಕೆಳಗು ಹಿಡಿದು ಬ್ಲೇಡಿನ ಉದ್ದಕ್ಕೆ ಒಂದು ಕಣ್ಣಲ್ಲಿ ನೋಡಿದರೆ ಹತ್ತಿರದ ತುದಿ ನೆಟ್ಟಗೆ, ದೂರದ ತುದಿ ತುಸು ವಾಲಿದ್ದು ಕಾಣುತ್ತಿತ್ತು. ಒಂದು ತೋಳಿನ ಸೀಳು ಓರೆಯಾಗಿತ್ತು, 4.5 ಸೆಂ.ಮೀ.ನಲ್ಲಿ 2 ಮಿ.ಮೀ.ನಷ್ಟು. ಓರೆ ಸೀಳಿನ ಒಂದು ಗೋಡೆಯನ್ನು ಹ್ಯಾಕ್ಸಾದಿಂದ ಕೆರೆದು ನೇರ ಮಾಡಿ, ಎದುರು ಗೋಡೆಯಲ್ಲಿ ಉಳಿದ ಸಂದಿಗೆ ಬಿದಿರಿನ ತೆಳು ಸಿಪ್ಪೆ ಇಟ್ಟು ಬಿಗಿದದ್ದಾಯಿತು. ಈ ಪಾಡು ಬೇಡವೆಂದರೆ ಸೀಳು ಹಾಕುವ ಮೊದಲೇ ಎರಡೂ ತೋಳು, ಅಡ್ಡಗೋಲು ಜೋಡಿಸಿ ಸಮನೆಲದ ಮೇಲೆ ಮಲಗಿಸಿ, ನೆಲದಿಂದ ಒಂದೇ ಎತ್ತರಕ್ಕೆ ಎರಡರ ಮೇಲೂ ಗೆರೆ ಎಳೆದುಕೊಳ್ಳಿ.

ಕೊಯ್ಯುವ ಕೈ

ತೋಳನ್ನು ಬ್ಲೇಡಿಗೆ ಹತ್ತಿರ ಹಿಡಿಯಿರಿ, ಅಡ್ಡಗೋಲನ್ನಲ್ಲ. ಶುರುವಿನಲ್ಲಿ ಬ್ಲೇಡು ಪುಟಿದು ಎಡಗೈ ಹೆಬ್ಬೆರಳಿಗೆ ಬೀಳುವುದೇ ಈ ಗರಗಸದ ಮಾಮೂಲಿ ಗಾಯ. ಅದಕ್ಕೆ ಎಡಗೈಯನ್ನು ಚೌಕಟ್ಟಿನೊಳಗೆ, ಬ್ಲೇಡಿನ ಮೇಲುಗಡೆಯಿಂದ ತೂರಿಸಿ ದಿಮ್ಮಿಯನ್ನು ಆಚೆ ಬದಿಯಲ್ಲಿ ಹಿಡಿಯಿರಿ. ಪುಟಿದರೂ ಚೌಕಟ್ಟು ನಿಮ್ಮ ಮುಂಗೈಗೆ ತಡೆಯುತ್ತದೆ, ಬೆರಳಿಗೆ ಬರುವುದಿಲ್ಲ. ಗೆರೆ ಹಿಡಿದ ಮೇಲೆ ಕೈ ತೆಗೆದು ಮೊಣಕಾಲಲ್ಲಿ ಒತ್ತಿಕೊಳ್ಳಿ.

ಒತ್ತಬೇಡಿ. ಗರಗಸದ ಸ್ವಂತ ಭಾರ ಸಾಕು. ತುದಿಯಿಂದ ತುದಿಗೆ ಉದ್ದಕ್ಕೆ ಎಳೆಯಿರಿ. ಮಧ್ಯದ ಒಂದು ಗೇಣಿನಲ್ಲೇ ಆಡಿಸಿದರೆ ಅಲ್ಲಿನ ಹಲ್ಲಷ್ಟೇ ಸವೆಯುತ್ತದೆ. ಹೊಟ್ಟನ್ನು ನೋಡುತ್ತಿರಿ: ಶಾವಿಗೆ ಚೂರಿನಂತೆ ಉದುರುತ್ತಿದ್ದರೆ ಹಲ್ಲು ಚೂಪು, ರಾಗಿ ಹಿಟ್ಟಿನಂತೆ ಬಂದರೆ ಮೊಂಡ.

ಬ್ಲೇಡು ಸಿಕ್ಕಿಹಾಕಿಕೊಳ್ಳುವುದಕ್ಕೆ ಕಾರಣ ದಿಮ್ಮಿ ಎಲ್ಲಿ ಒರಗಿದೆ ಎಂಬುದು. ಎರಡೂ ತುದಿ ಆಧಾರದ ಮೇಲಿದ್ದು ನಡುವೆ ಕೊಯ್ದರೆ ಭಾರಕ್ಕೆ ನಡು ಕುಸಿದು ಮೇಲಿನ ಸೀಳು ಮುಚ್ಚಿಕೊಳ್ಳುತ್ತದೆ. ಮೇಲಿಂದ ಕಾಲುಭಾಗ ಕೊಯ್ದು, ಉಳಿದದ್ದು ಕೆಳಗಿನಿಂದ. ಇಲ್ಲವೇ ಸೀಳಿಗೆ ತೆಳು ಬೆಣೆ ತಟ್ಟಿ ಮೇಲಿನಿಂದಲೇ ಮುಗಿಸಿ. ಈ ಗರಗಸದಲ್ಲಿ ಕೆಳಗಿನಿಂದ ಕೊಯ್ಯುವುದು ಕೈಗೆ ಹಿಂಸೆ, ಬೆಣೆಯೇ ವಾಸಿ. ಒಂದೇ ತುದಿ ಆಧಾರದ ಮೇಲಿದ್ದು ಇನ್ನೊಂದು ಗಾಳಿಯಲ್ಲಿದ್ದರೆ ಸೀಳು ತಾನೇ ತೆರೆಯುತ್ತದೆ, ಆದರೆ ಕೊನೆಗೆ ತುಂಡು ಕಳಚುವಾಗ ಕೆಳಗಿನ ತೊಗಟೆ ಉದ್ದಕ್ಕೆ ಸುಲಿದುಕೊಂಡು ಬರುತ್ತದೆ. ಮೊದಲೇ ಕೆಳಗೆ ಒಂದು ಬೆರಳು ಆಳ ಕೊಯ್ದಿಟ್ಟರೆ ಸುಲಿಯುವುದಿಲ್ಲ. ನಿತ್ಯದ ಸೌದೆಗೆ ನಾಲ್ಕು ಗಳವನ್ನು ಎರಡು ಕತ್ತರಿಯಾಗಿ ಕಟ್ಟಿ ಅದರ ಮೇಲೆ ದಿಮ್ಮಿ ಇಟ್ಟು, ಕತ್ತರಿಯ ಹೊರಗೆ ಚಾಚಿದ ಭಾಗವನ್ನು ಕೊಯ್ಯುತ್ತ ಹೋಗುವುದು ಎಲ್ಲಕ್ಕಿಂತ ಸುಲಭ.

ವಾಲಿ ಬೆಳೆದ ಜಾಲಿ ಕಾಂಡಕ್ಕೆ ಮಾತ್ರ ಹುಷಾರು. ವಾಲಿದ ಕಡೆಯ ಎದುರಿನಿಂದ ಒಂದೇ ಸಮನೆ ಕೊಯ್ದರೆ ಅರ್ಧಕ್ಕೆ ಬಂದಾಗ ಕಾಂಡ ಉದ್ದಕ್ಕೆ ಸೀಳಿ ಬುಡ ಎದೆ ಮಟ್ಟಕ್ಕೆ ಸಿಡಿಯುತ್ತದೆ. ವಾಲಿದ ಕಡೆಯಲ್ಲಿ ಮೊದಲು ಕಾಲುಭಾಗ ಕಚ್ಚು ಹಾಕಿ, ಬ್ಲೇಡು ಬಿಗಿಹಿಡಿಯುವ ಮೊದಲೇ ತೆಗೆದು, ಆಮೇಲೆ ಎದುರಿನಿಂದ ಬನ್ನಿ. ನಿಲ್ಲುವುದು ಪಕ್ಕದಲ್ಲಿ, ಹಿಂದೆ ಅಲ್ಲ.

ಜಾಲಿಯ ಅಂಟು ಬ್ಲೇಡಿಗೆ ಹಿಡಿದರೆ ಸೀಮೆಎಣ್ಣೆ ಅದ್ದಿದ ಬಟ್ಟೆಯಲ್ಲಿ ಹಲ್ಲಿನ ಬೆನ್ನಿನಿಂದ ತುದಿಯ ಕಡೆಗೆ ಒರೆಸಿ. ಕೊಯ್ಯುವ ಮೊದಲು ಮೇಣದ ಬತ್ತಿ ಉಜ್ಜಿದರೂ ನಡೆಯುತ್ತದೆ. ಕೆಲಸ ನಿಲ್ಲಿಸಿದ ಕೂಡಲೇ ತಿರುಪು ಮೂರು ಸುತ್ತು ಬಿಚ್ಚಿ, ಹಲ್ಲಿಗೆ ಸೈಕಲ್ ಟಯರಿನ ಉದ್ದ ಸೀಳು ಹೊದಿಸಿ ದಾರ ಕಟ್ಟಿ.

ಬುಡವನ್ನು ನೆಲಮಟ್ಟಕ್ಕೆ ಕೊಯ್ದು ಬಿಟ್ಟರೆ ಮುಂದಿನ ಮಳೆಗೆ ಹತ್ತು ಚಿಗುರು. ಮಣ್ಣು ತಾಗುವ ಜಾಗಕ್ಕೆ ಈ ಬ್ಲೇಡು ಒಯ್ಯಬೇಡಿ, ಒಂದೇ ಎಳೆತಕ್ಕೆ ಮರಳು ಹಲ್ಲು ತಿನ್ನುತ್ತದೆ. ಮೊಣಕಾಲೆತ್ತರಕ್ಕೆ ಕೊಯ್ದು, ಮೋಟನ್ನು ಹಿಡಿದು ಅಲ್ಲಾಡಿಸಲು ಉಳಿಸಿಕೊಂಡು, ಸುತ್ತ ಗೇಣು ಆಳ ಅಗೆದು ಬೇರನ್ನು ಹಳೇ ಕೊಡಲಿಯಲ್ಲಿ ಕಡಿದು ಹಾರೆಯಿಂದ ಮೀಟಿ.